ಬೀಳಿಸಿದವನ ಕೈ: ಯೊಕೊಹಾಮಾದಿಂದ ಅಣ್ಣನಿಗೆ

ಯೊಕೊಹಾಮಾ
ಭಾನುವಾರ

ಪ್ರೀತಿಯ ಅಣ್ಣನಿಗೆ, ಅತ್ತಿಗೆಗೆ,

ನಾನಿಲ್ಲಿ ಕ್ಷೇಮ. ಮನೆಯಲ್ಲಿ ಅಪ್ಪ, ಅಮ್ಮ, ಪುಟ್ಟ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಮ್ಮ ಕಳಿಸಿದ ಹುಳಿಪುಡಿ, ಚಟ್ನಿಪುಡಿ ಒಂದು ಚೂರೂ ಚೆಲ್ಲದೆ ಬಂದು ಸೇರಿದವು ಅಂತ ಹೇಳು. ಈ ಪತ್ರ ಉದ್ದವಾಗುತ್ತೆ. ನೀನು ಮೊದಲು ಓದಿಕೋ, ಆಮೇಲೆ ರಾತ್ರಿ ಊಟ ಆದ ಮೇಲೆ ಅಪ್ಪನಿಗೂ ಕೂತು ಓದಿ ಹೇಳು. ಕಣ್ಣಿನ ಪೊರೆ ತೆಗೆಸುವವರೆಗೆ ಅವರಿಗೆ ಫೋನಿನ ಅಕ್ಷರ ಕಾಣೋದಿಲ್ಲ. ಗರಡಿಯ ವಿಷಯವೂ ಇದರಲ್ಲಿರುವುದರಿಂದ ಅವರು ಕೇಳಲೇಬೇಕು.

ಪುಟ್ಟನ ಕರಾಟೆ ಪಂದ್ಯದ ವಿಡಿಯೊ ನೋಡಿದೆ. ಹೇಗಿದೆ ಅಂತ ನೀನು ಮತ್ತೆ ಮತ್ತೆ ಕೇಳಿದರೂ ನಾನು ಉತ್ತರ ಕೊಡಲಿಲ್ಲ, ಯಾಕೆಂದರೆ ಅದು ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಮಗು ಚೆನ್ನಾಗಿ ಆಡಿದ್ದಾನೆ. ಆ ಕಾಲಿನ ಚುರುಕು, ಹಿಂದೆ ಸರಿದು ಮತ್ತೆ ನುಗ್ಗುವ ರೀತಿ ನೋಡಿ ನನಗೆ ನಿಜವಾಗಿ ಹೆಮ್ಮೆಯಾಯಿತು. ಆದರೆ ಪಂದ್ಯ ಮುಗಿದ ಮೇಲೆ ಆದದ್ದನ್ನೂ ನೀನು ವಿಡಿಯೊ ಮಾಡಿದ್ದೀಯಲ್ಲ, ಅದನ್ನು ಇನ್ನೊಂದು ಸಲ ನೋಡು. ಆ ಇನ್ನೊಬ್ಬ ಹುಡುಗ ಮೂಗು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಾನೆ. ಪುಟ್ಟ ಅವನ ಮುಂದೆಯೇ ತೊಡೆ ತಟ್ಟಿ ಕುಣಿಯುತ್ತಿದ್ದಾನೆ. ಅವನ ಮಾಸ್ಟರ್ ಓಡಿಬಂದು ಪುಟ್ಟನನ್ನು ಹೆಗಲಿಗೆ ಎತ್ತಿಕೊಂಡರು. ಕೂತ ಹುಡುಗನ ಹತ್ತಿರ ಒಬ್ಬರೂ ಹೋಗಲಿಲ್ಲ.

ಪುಟ್ಟನಿಗಿನ್ನೂ ಒಂಬತ್ತು ವರ್ಷ, ಅವನನ್ನು ದೂರುತ್ತಿಲ್ಲ. ದೊಡ್ಡವರು ಯಾವುದಕ್ಕೆ ಚಪ್ಪಾಳೆ ಹೊಡೆಯುತ್ತಾರೋ ಮಕ್ಕಳು ಅದನ್ನೇ ಇನ್ನೊಂದು ಸಲ ಮಾಡುತ್ತಾರೆ. ನನ್ನ ಚಿಂತೆ ಆ ಮಾಸ್ಟರ್ ಬಗ್ಗೆ. ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ, ಒಂದೊಂದು ಬೆಲ್ಟಿಗೂ ಬೇರೆ ಬೇರೆ ಫೀಸು ಅಂತ ಅಚ್ಚು ಹಾಕಿಸಿರುವ ಆ ಕಾಗದದ ಬಗ್ಗೆ.

ನಾನು ಇಲ್ಲಿ ಆಫೀಸು ಮುಗಿಸಿಕೊಂಡು ಜೂಡೊ ಕಲಿಯಲು ಹೋಗುವುದು ನಿನಗೆ ಗೊತ್ತಿದೆ. ದೊಡ್ಡ ಹೆಸರಿನ ಜಾಗವೇನಲ್ಲ, ನಮ್ಮ ಬಡಾವಣೆಯ ಕ್ರೀಡಾಭವನದ ಮಹಡಿಯ ಮೇಲಿನ ಒಂದು ಹಾಲ್. ಸೆನ್ಸೇ, ಅಂದರೆ ನಮ್ಮ ಗುರುಗಳು, ರೈಲ್ವೆಯಲ್ಲಿದ್ದು ರಿಟೈರ್ ಆದವರು, ಎಪ್ಪತ್ತು ದಾಟಿದೆ. ಬಾಗಿಲಲ್ಲಿ ಚಪ್ಪಲಿ ಹೊರಮುಖವಾಗಿ ಜೋಡಿಸಿಟ್ಟು, ತಲೆಬಾಗಿ ಒಳಗೆ ಹೋಗಬೇಕು. ಮೊದಲು ಎಲ್ಲರೂ ಸೇರಿ ಒದ್ದೆ ಬಟ್ಟೆಯಲ್ಲಿ ಟಟಾಮಿ, ಅಂದರೆ ನೆಲಕ್ಕೆ ಹಾಸಿದ ಚಾಪೆ, ಒರೆಸುತ್ತೇವೆ, ಸೆನ್ಸೇ ಕೂಡ. ಸೇರಿದ ಹೊಸತರಲ್ಲಿ ಯಾರನ್ನೂ ಎತ್ತಿ ಹಾಕಲು ಬಿಡಲಿಲ್ಲ. ಬೀಳುವುದನ್ನು ಮಾತ್ರ ಕಲಿಸಿದರು. ಹಿಂದಕ್ಕೆ, ಪಕ್ಕಕ್ಕೆ, ಮುಂದಕ್ಕೆ ಉರುಳಿಕೊಂಡು, ಗದ್ದ ಎದೆಗೊತ್ತಿ, ಅಂಗೈಯಿಂದ ತೋಳಿನ ತನಕ ಒಟ್ಟಿಗೆ ಟಟಾಮಿಗೆ ಬಡಿಯಬೇಕು. ತಲೆ ನೆಲ ಮುಟ್ಟಬಾರದು. ಮೊದಲು ನಿನ್ನನ್ನು ಕಾಪಾಡಿಕೊಳ್ಳುವುದು ಗೊತ್ತಾಗಲಿ, ಆಮೇಲೆ ಇನ್ನೊಬ್ಬರ ಮೈ ನಿನ್ನ ಕೈಗೆ ಕೊಡುತ್ತೇನೆ ಅಂದರು ಸೆನ್ಸೇ.

ಆ ಮಾತು ಪೂರ್ತಿ ಅರ್ಥವಾದದ್ದು ಎತ್ತಿಹಾಕುವುದನ್ನು ಕಲಿಯಲು ಶುರುಮಾಡಿದ ಮೇಲೆ. ಎದುರಾಳಿಯ ಬಲತೋಳಿನ ಬಟ್ಟೆಯನ್ನು ನನ್ನ ಎಡಗೈಯಲ್ಲಿ ಹಿಡಿದಿರುತ್ತೇನೆ. ಅವಳನ್ನು ಬೆನ್ನ ಮೇಲೆ ಹೊತ್ತು ಮುಂದಕ್ಕೆ ಉರುಳಿಸಿದಾಗ ಅವಳ ಕಾಲು ಗಾಳಿಯಲ್ಲಿರುತ್ತೆ, ತಲೆ ಕೆಳಗಾಗಿರುತ್ತೆ. ಆ ಗಳಿಗೆಯಲ್ಲಿ ಗೆದ್ದಾಯಿತು. ಹಿಡಿದ ತೋಳನ್ನು ಬಿಟ್ಟುಬಿಟ್ಟರೂ ಪಾಯಿಂಟ್ ನನ್ನದೇ. ಆದರೆ ಬಿಡುವ ಹಾಗಿಲ್ಲ. ಅವಳು ನೆಲ ತಾಗುವ ಹೊತ್ತಿಗೆ ಆ ತೋಳನ್ನು ಮೇಲಕ್ಕೆ ಎಳೆದು ಹಿಡಿಯಬೇಕು. ಆಗ ಅವಳ ಭುಜ, ತಲೆ ನೆಲಕ್ಕೆ ಅಪ್ಪಳಿಸುವುದಿಲ್ಲ, ಖಾಲಿ ಇರುವ ಇನ್ನೊಂದು ಕೈಯಲ್ಲಿ ಅವಳು ಟಟಾಮಿಗೆ ಬಡಿದು ಏಟು ತಪ್ಪಿಸಿಕೊಳ್ಳುತ್ತಾಳೆ. ಬೀಳಿಸಿದ ಕೈಯೇ ಕಾಪಾಡುವ ಕೈಯೂ ಆಗಿರಬೇಕು. ಕತ್ತು ಒತ್ತಿ ಹಿಡಿದಾಗಲೂ ಹಾಗೇ. ಸೋತೆ ಅಂತ ಅವಳು ಎರಡು ಸಲ ತಟ್ಟಿದಳೋ, ಬಿಡಬೇಕು. ರೆಫ್ರೀ ನೋಡಿದರೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ. ಅವಳು ನನ್ನ ಮೇಲೆ ನಂಬಿಕೆ ಇಟ್ಟು ಕುತ್ತಿಗೆ ಕೊಟ್ಟಿದ್ದಾಳೆ.

ಒಂದು ಸಂಜೆ ಹೈಸ್ಕೂಲಿನ ದಪ್ಪನೆಯ ಹುಡುಗನೊಬ್ಬ ಹೊಸದಾಗಿ ಸೇರಿದ್ದ ನಡುವಯಸ್ಸಿನ ಒಬ್ಬರನ್ನು ಜೋರಾಗಿ ಎತ್ತಿ ಹಾಕಿದ. ತೋಳು ಬಿಟ್ಟುಬಿಟ್ಟ. ಸದ್ದು ಕೇಳಿಯೇ ಎಲ್ಲರೂ ತಿರುಗಿ ನೋಡಿದೆವು. ಸೆನ್ಸೇ ಕೂಗಾಡಲಿಲ್ಲ. ಮೊದಲು ಬಿದ್ದವರ ಹತ್ತಿರ ಹೋಗಿ ಮಂಡಿಯೂರಿ ಕೂತರು, ಕತ್ತು ನೋಯುತ್ತಾ, ತಲೆ ತಿರುಗುತ್ತಾ, ಇವತ್ತು ಯಾವ ವಾರ ಅಂತೆಲ್ಲ ಕೇಳಿದರು. ಅವರನ್ನು ಗೋಡೆಗೊರಗಿಸಿ ಕೂರಿಸಿ, ಆ ದಿನ ಇನ್ನು ಅಭ್ಯಾಸ ಬೇಡ ಅಂದರು. ಆಮೇಲೆ ಆ ಹುಡುಗನನ್ನು ಕರೆದು, "ಈವತ್ತು ಉಳಿದ ಹೊತ್ತೆಲ್ಲ ನೀನೇ ಬೀಳು" ಅಂತ ಅಷ್ಟೇ ಹೇಳಿದರು. ಹೊಸಬರು ಒಬ್ಬೊಬ್ಬರಾಗಿ ಅವನನ್ನು ಬೀಳಿಸಿದೆವು. ನಮ್ಮಂಥವರ ಒರಟು ಕೈಯಲ್ಲಿ ಬೀಳುವಾಗ ತೋಳು ಎಳೆದು ಹಿಡಿಯುವವರು ಯಾರು, ಹಿಡಿಯದವರು ಯಾರು ಅನ್ನೋದು ಅವನ ಬೆನ್ನಿಗೇ ಗೊತ್ತಾಯಿತು. ಬೈಗುಳ ಇಲ್ಲ, ಏಟು ಇಲ್ಲ. ಈಗ ಹೊಸಬರು ಬಂದರೆ ಸೆನ್ಸೇ ಅವರನ್ನು ಜೋಡಿ ಮಾಡುವುದೇ ಆ ಹುಡುಗನ ಜೊತೆ.

ಅಪ್ಪ, ಇಲ್ಲಿ ನಿಮಗೆ ತಾತನ ಗರಡಿ ನೆನಪಾಗಿರುತ್ತೆ. ಮಟ್ಟಿ ಮುಟ್ಟಿ ಹಣೆಗೆ ಒತ್ತಿಕೊಳ್ಳದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ ಅಂತ ನೀವೇ ಹೇಳುತ್ತಿದ್ದಿರಿ. ಸಾಮು ತೆಗೆಯುವ ಹುಡುಗರೇ ಬೆಳಗಿನ ಜಾವ ಮಟ್ಟಿ ಅಗೆದು ಹದ ಮಾಡಬೇಕಿತ್ತು. ಚಿತ್ ಮಾಡಿದವನೇ ಕೈ ಕೊಟ್ಟು ಎಬ್ಬಿಸಬೇಕು, ಬೆನ್ನಿನ ಮಣ್ಣು ಒರೆಸಬೇಕು ಅನ್ನುವುದು ಉಸ್ತಾದರ ಕಟ್ಟಪ್ಪಣೆ ಅಂತಿದ್ದಿರಿ. ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ತೂಕ, ವಯಸ್ಸು, ಪಳಗಿದ ವರ್ಷ ನೋಡದೆ ಕಟ್ಟಿದರೆ ತಾತ ಜಗಳಕ್ಕೇ ನಿಲ್ಲುತ್ತಿದ್ದರಂತೆ. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗವನ್ನೇ ನೋಡಿ. ಅಷ್ಟು ಕ್ರೂರವಾಗಿ ಕಾಣುವ ಆಟದಲ್ಲೂ ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಕಂಡ ಕೂಡಲೇ ನಿಲ್ಲಿಸಿಬಿಡುತ್ತಾರೆ. ಆದ್ದರಿಂದ ಅಣ್ಣ, ನಾನು ಜಪಾನಿನಿಂದ ಹೊಸದೊಂದನ್ನು ಹೊತ್ತು ತಂದು ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ಇದ್ದದ್ದು ಇದು.

ಜೂಡೊ ಕಟ್ಟಿದ ಕಾನೊ ಜಿಗೊರೊ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. 1882ರಲ್ಲಿ ಟೋಕಿಯೊದ ಎಯ್ಶೋಜಿ ಅನ್ನುವ ದೇವಾಲಯದಲ್ಲಿ ಹನ್ನೆರಡು ಟಟಾಮಿಯ ಜಾಗದಲ್ಲಿ ಕೊಡೊಕಾನ್ ಅನ್ನುವ ತಮ್ಮ ಜೂಡೊ ಶಾಲೆ ಶುರುಮಾಡಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ಜುಜುತ್ಸು ಅನ್ನುವ ಹಳೆಯ ಕಾಳಗವಿದ್ಯೆಯಲ್ಲಿದ್ದ ಅಪಾಯದ ಹೊಡೆತ, ಒದೆತಗಳನ್ನು ಅವರು ಜೋಡಿ ಅಭ್ಯಾಸದಿಂದ ತೆಗೆದು ಕಾತಾದಲ್ಲಿ, ಅಂದರೆ ಮೊದಲೇ ಗೊತ್ತುಮಾಡಿದ ವರಸೆಗಳಲ್ಲಿ, ಮಾತ್ರ ಉಳಿಸಿದರು. ಪೂರ್ತಿ ಬಲ ಹಾಕಿ ಆಡಿದರೂ ಇಬ್ಬರೂ ಮರುದಿನ ಮತ್ತೆ ಬರುವಂತಿರಬೇಕು ಅನ್ನುವ ಲೆಕ್ಕ ಅದು. ವೃತ್ತಿಯಲ್ಲಿ ಅವರು ಮೇಷ್ಟ್ರು, ಟೋಕಿಯೊದ ಶಿಕ್ಷಕರ ಕಾಲೇಜಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಪ್ರಿನ್ಸಿಪಾಲರಾಗಿದ್ದರು. ಶಕ್ತಿಯನ್ನು ಒಳ್ಳೆಯದಕ್ಕೆ ಬಳಸು, ನೀನೂ ಇನ್ನೊಬ್ಬನೂ ಒಟ್ಟಿಗೆ ಏಳಿಗೆಯಾಗಿ ಅನ್ನುವ ಎರಡು ತತ್ವಗಳನ್ನು 1922ರಲ್ಲಿ ಕೊಡೊಕಾನಿನ ಗುರಿಯಾಗಿ ಸಾರಿದರು. ಅದೇ ವರ್ಷ ಒಕಿನಾವಾದಿಂದ ಟೋಕಿಯೊಗೆ ಬಂದ ಇನ್ನೊಬ್ಬ ಮೇಷ್ಟ್ರು ಫುನಾಕೊಶಿ ಗಿಚಿನ್ ಅವರನ್ನು ಕರೆಸಿ ಕೊಡೊಕಾನಿನಲ್ಲಿ ಕರಾಟೆ ಪ್ರದರ್ಶನ ಮಾಡಿಸಿದರು. ಪುಟ್ಟ ಕಲಿಯುತ್ತಿರುವ ಶೋಟೊಕಾನ್ ಕರಾಟೆ ಅವರದ್ದೇ ಪರಂಪರೆ. ಕರಾಟೆಯಲ್ಲಿ ಮೊದಲ ಏಟು ಇಲ್ಲ ಅಂತ ಫುನಾಕೊಶಿ ಹೇಳಿಟ್ಟಿದ್ದಾರೆ. ಶೋಟೊಕಾನ್ ತರಗತಿಗಳಲ್ಲಿ ಕೊನೆಗೆ ಮಂಡಿಯೂರಿ ಐದು ಸಾಲು ಹೇಳಿಸುತ್ತಾರಲ್ಲ, ಅದರಲ್ಲಿ ಮೊದಲನೆಯದು ನಡತೆಯನ್ನು ಪೂರ್ಣ ಮಾಡಿಕೊಳ್ಳುವುದರ ಬಗ್ಗೆ, ಕೊನೆಯದು ಬಿಸಿರಕ್ತದ ದುಡುಕನ್ನು ತಡೆಯುವುದರ ಬಗ್ಗೆ. ಪುಟ್ಟನಿಗೆ ಅದನ್ನು ಹೇಳಿಕೊಟ್ಟಿದ್ದಾರಾ ಕೇಳು. ಹೇಳಿಕೊಟ್ಟಿದ್ದರೆ, ಅದರ ಅರ್ಥ ಕನ್ನಡದಲ್ಲಿ ಹೇಳಿದ್ದಾರಾ ಅದನ್ನೂ ಕೇಳು.

ಗೆದ್ದವನು ಹೇಗಿರಬೇಕು ಅಂತ ಪುಟ್ಟನಿಗೆ ತೋರಿಸಬೇಕಾದರೆ ನನಗೆ ತಕ್ಷಣ ಹೊಳೆಯುವವನು ಹಾಲೆಂಡಿನ ಆಂಟನ್ ಗೀಸಿಂಕ್. 1964ರ ಟೋಕಿಯೊ ಒಲಿಂಪಿಕ್ಸ್, ಜೂಡೊ ಒಲಿಂಪಿಕ್ಸಿಗೆ ಬಂದ ಮೊದಲ ವರ್ಷ. ಬುಡೊಕಾನ್ ಕ್ರೀಡಾಂಗಣದ ತುಂಬ ಜಪಾನಿ ಜನ. ತೂಕದ ಮಿತಿಯಿಲ್ಲದ ವಿಭಾಗದ ಫೈನಲಿನಲ್ಲಿ ಗೀಸಿಂಕ್ ಜಪಾನಿನ ಕಾಮಿನಾಗಾ ಅಕಿಯೊ ಅವರನ್ನು ನೆಲಕ್ಕೆ ಒತ್ತಿ ಹಿಡಿದು ಗೆದ್ದುಬಿಟ್ಟ. ಇಡೀ ಸಭಾಂಗಣ ಸ್ತಬ್ಧ. ಹಾಲೆಂಡಿನ ಕಡೆಯವರು ಸಂತೋಷ ತಡೆಯಲಾರದೆ ಅಖಾಡಕ್ಕೆ ಓಡಿಬರಲು ಹೊರಟರು. ಗೀಸಿಂಕ್ ಅವರ ಕಡೆ ಕೈ ಚಾಚಿ ಅಲ್ಲೇ ನಿಲ್ಲಿಸಿದ. ಸೋತವನಿಗೆ ತಲೆಬಾಗುವುದು ಇನ್ನೂ ಬಾಕಿಯಿತ್ತು. ಆ ಒಂದು ಕೈಸನ್ನೆಯಿಂದ ಜಪಾನಿನ ಜನ ಅವನನ್ನು ತಮ್ಮವನೆಂದು ಒಪ್ಪಿಕೊಂಡರು, ಇವತ್ತಿಗೂ ಇಲ್ಲಿನ ಹಿರಿಯರು ಅವನ ಹೆಸರನ್ನು ಗೌರವದಿಂದ ಹೇಳುತ್ತಾರೆ.

1984ರ ಲಾಸ್ ಏಂಜಲಿಸ್ ಕಥೆಯೂ ಇದೆ. ಯಮಾಶಿತಾ ಯಾಸುಹಿರೊ ಬಲಗಾಲಿನ ಮೀನಖಂಡ ಹರಿದುಕೊಂಡು, ಕುಂಟುತ್ತಾ ಫೈನಲಿಗೆ ಬಂದರು. ಎದುರಿಗಿದ್ದ ಈಜಿಪ್ಟಿನ ಮೊಹಮದ್ ರಶ್ವಾನ್ ಆ ಕಾಲನ್ನು ಗುರಿ ಮಾಡಲಿಲ್ಲ ಅಂತ ಆಮೇಲೆ ಅವರಿಗೆ ಫೇರ್ ಪ್ಲೇ ಗೌರವ ಬಂತು. ಪಂದ್ಯದ ಚಿತ್ರ ಇಟ್ಟುಕೊಂಡು ಅದು ಹಾಗಲ್ಲ, ಹೀಗೆ ಅಂತ ವಾದಿಸುವವರೂ ಇದ್ದಾರೆ. ಆದರೆ ಪದಕ ಕೊಡುವಾಗ ವೇದಿಕೆ ಹತ್ತಲಾಗದ ಯಮಾಶಿತಾಗೆ ರಶ್ವಾನ್ ಕೈ ಕೊಟ್ಟು ಹತ್ತಿಸಿದ್ದನ್ನು ಪ್ರಪಂಚವೇ ನೋಡಿದೆ.

ಬಿದಿರಿನ ಕತ್ತಿ ಹಿಡಿದು ಆಡುವ ಕೆಂಡೊ ಪಂದ್ಯಗಳಲ್ಲಂತೂ ಇದು ನಿಯಮವೇ ಆಗಿದೆ. ಸಾಮಾನ್ಯವಾಗಿ ನವೆಂಬರ್ 3ರಂದು ಬುಡೊಕಾನಿನಲ್ಲಿ ರಾಷ್ಟ್ರೀಯ ಪಂದ್ಯ ನಡೆಯುತ್ತೆ. ಮೂವರು ತೀರ್ಪುಗಾರರು ಕೆಂಪು, ಬಿಳಿ ಬಾವುಟ ಹಿಡಿದು ನಿಂತಿರುತ್ತಾರೆ. ಏಟು ಬಿದ್ದು, ಬಾವುಟ ಮೇಲೆದ್ದು, ಪಾಯಿಂಟ್ ಸಿಕ್ಕಿದ ಮೇಲೂ ಆಟಗಾರ ಮುಷ್ಟಿ ಬಿಗಿದು ಎತ್ತಿ ಕುಣಿದರೆ ಆ ಪಾಯಿಂಟನ್ನೇ ರದ್ದು ಮಾಡುವ ಅಧಿಕಾರ ಅವರಿಗಿದೆ. ಹೊಡೆದ ಮೇಲೂ ಎದುರಾಳಿಯ ಮೇಲಿನ ಗಮನ ತಪ್ಪಬಾರದು, ಅವನ ಮರ್ಯಾದೆ ಕಾಯಬೇಕು ಅನ್ನುವುದು ಅವರ ನಿಲುವು. ಪುಟ್ಟನಿಗೆ ಇದೊಂದನ್ನು ಹೇಳಿದರೆ ಸಾಕು, ಮಿಕ್ಕಿದ್ದನ್ನು ಅವನೇ ಯೋಚಿಸಿಕೊಳ್ಳುತ್ತಾನೆ. ಜಾಣ ಹುಡುಗ.

ಇಷ್ಟೆಲ್ಲ ಓದಿ ಜಪಾನಿನಲ್ಲಿ ಎಲ್ಲ ಸರಿಯಿದೆ, ನಮ್ಮಲ್ಲಿ ಮಾತ್ರ ಕೆಟ್ಟಿದೆ ಅಂತ ನೀನು ತಿಳಿದುಕೊಂಡರೆ ಅದು ಸುಳ್ಳಾಗುತ್ತೆ. ಇಲ್ಲೂ ಗೋಡೆಯ ಮೇಲೆ ತತ್ವ ಬರೆದಿಟ್ಟು ಅದರ ಕೆಳಗೇ ಅನ್ಯಾಯ ನಡೆದಿದೆ. 1983ರಿಂದ ಸುಮಾರು ಮೂರು ದಶಕಗಳಲ್ಲಿ ಇಲ್ಲಿನ ಶಾಲೆಗಳ ಜೂಡೊದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಸತ್ತಿದ್ದಾರೆ. ಎಷ್ಟೋ ಮಕ್ಕಳು ಹೊಸದಾಗಿ ಸೇರಿ ಇನ್ನೂ ಬೀಳಲು ಸರಿಯಾಗಿ ಕಲಿಯದವರು, ತಲೆಗೆ ಪೆಟ್ಟಾಗಿ ಮಿದುಳಲ್ಲಿ ರಕ್ತಸ್ರಾವವಾದವರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಣ್ಣ. ಬೀಳುವುದನ್ನು ಕಲಿಸದೆ ಬೀಳಿಸುವುದಕ್ಕೆ ಬಿಟ್ಟವರಿದ್ದರು, ತಲೆನೋವು ಅಂದ ಮಗುವನ್ನು ಸೋಮಾರಿ ಅಂತ ಮತ್ತೆ ಎಬ್ಬಿಸಿ ನಿಲ್ಲಿಸಿದವರಿದ್ದರು. ಮಕ್ಕಳನ್ನು ಕಳೆದುಕೊಂಡ, ಜೀವನಪೂರ್ತಿ ನೋಡಿಕೊಳ್ಳಬೇಕಾದ ಸ್ಥಿತಿಗೆ ಬಂದ ಮಕ್ಕಳ ತಂದೆತಾಯಂದಿರು 2010ರಲ್ಲಿ ಸಂಘ ಕಟ್ಟಿಕೊಂಡು ಜಪಾನಿನ ಜೂಡೊ ಒಕ್ಕೂಟದ, ಸರ್ಕಾರದ ಬೆನ್ನು ಹತ್ತಿದರು. 2012ರಿಂದ ಸಮರಕಲೆ ಇಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ ಕಡ್ಡಾಯವಾಗುವ ಹೊತ್ತಿಗೆ ಇದು ದೇಶದ ಚರ್ಚೆಯಾಯಿತು, ಹೊಸಬರಿಗೆ ಏನನ್ನು ಕಲಿಸಬಾರದು, ತಲೆಗೆ ಪೆಟ್ಟಾದರೆ ಏನು ಮಾಡಬೇಕು ಅನ್ನುವ ಎಚ್ಚರ ಬಂತು. ನಮ್ಮ ಸೆನ್ಸೇ ಬಿದ್ದವರನ್ನು ಇವತ್ತು ಯಾವ ವಾರ ಅಂತ ಕೇಳಿದ್ದರ ಹಿಂದೆ ಆ ತಂದೆತಾಯಂದಿರ ಕಣ್ಣೀರಿದೆ.

2013ರಲ್ಲಿ ಇನ್ನೊಂದು ಬಯಲಾಯಿತು. ದೇಶದ ಹದಿನೈದು ಮಹಿಳಾ ಜೂಡೊಗಾರ್ತಿಯರು ಒಟ್ಟಾಗಿ, ರಾಷ್ಟ್ರೀಯ ತರಬೇತಿಯಲ್ಲಿ ನಮ್ಮನ್ನು ಹೊಡೆಯುತ್ತಾರೆ, ಬಿದಿರಿನ ಕತ್ತಿಯಿಂದ ಬಾರಿಸುತ್ತಾರೆ ಅಂತ ಜಪಾನಿನ ಒಲಿಂಪಿಕ್ ಸಮಿತಿಗೆ ದೂರು ಕೊಟ್ಟಿದ್ದರು. ತಂಡದ ಮುಖ್ಯ ಕೋಚ್ ರಾಜೀನಾಮೆ ಕೊಟ್ಟರು. ಅನುದಾನದ ಹಣ ದುರುಪಯೋಗವಾದದ್ದೂ ಹೊರಬಂದು ಅದೇ ವರ್ಷ ಒಕ್ಕೂಟದ ಅಧ್ಯಕ್ಷರೂ ಇಳಿದರು. 2018ರಲ್ಲಿ ಕತ್ತಿವರಸೆಯ ಒಂದು ವಿಭಾಗವಾದ ಇಯಾಯ್ದೊದಲ್ಲಿ ಎತ್ತರದ ಡಾನ್, ಅಂದರೆ ಮೇಲಿನ ದರ್ಜೆ, ಪಡೆಯಲು ಪರೀಕ್ಷಕರಿಗೆ ದುಡ್ಡು ಸಂದಾಯವಾಗುತ್ತಿದ್ದದ್ದು ಪತ್ರಿಕೆಗಳಲ್ಲಿ ಬಂತು. ದರ್ಜೆ ಮಾರಿಕೊಳ್ಳುವುದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ.

ಅತ್ತಿಗೆ, ಒಬ್ಬರ ಬಗ್ಗೆ ನಿಮಗೆಂದೇ ಬರೆಯುತ್ತಿದ್ದೇನೆ. ಫುಕುದಾ ಕೆಯ್ಕೊ ಅಂತ, ಕಾನೊ ಅವರ ಕೈಯಲ್ಲೇ ಕಲಿತವರು. ಕಾನೊಗೆ ಜುಜುತ್ಸು ಕಲಿಸಿದ ಗುರುಗಳ ಮೊಮ್ಮಗಳು. 1953ರಲ್ಲಿ ಐದನೇ ಡಾನ್ ಆಯಿತು. ಹೆಂಗಸರಿಗೆ ಅದಕ್ಕಿಂತ ಮೇಲೆ ಕೊಡುವ ಪದ್ಧತಿಯೇ ಇರಲಿಲ್ಲ, ಆದ್ದರಿಂದ 1972ರ ತನಕ ಅವರನ್ನು ಅಲ್ಲೇ ನಿಲ್ಲಿಸಿದರು. ಅವರಿಗಿಂತ ಕಡಿಮೆ ಬಲ್ಲ ಗಂಡಸರು ಅವರನ್ನು ದಾಟಿ ಹೋದರು. ಅವರು ಕಹಿಯಾಗಲಿಲ್ಲ, ಬಿಡಲೂ ಇಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೊಂಬತ್ತು ದಾಟಿದ ಮೇಲೂ ಹೆಣ್ಣುಮಕ್ಕಳಿಗೆ ಕಲಿಸುತ್ತಲೇ ಇದ್ದರು. 2006ರಲ್ಲಿ ಕೊಡೊಕಾನ್ ಅವರಿಗೆ ಒಂಬತ್ತನೇ ಡಾನ್ ಕೊಟ್ಟಿತು. ಇಬ್ಬರೂ ಏಳಿಗೆಯಾಗಲಿ ಅನ್ನುವ ತತ್ವಕ್ಕೆ ಸಂಸ್ಥೆಗಿಂತ ಹೆಚ್ಚು ನಿಷ್ಠೆಯಿಂದ ನಡೆದುಕೊಂಡದ್ದು ಈ ಹೆಂಗಸು ಅಂತ ನನಗನ್ನಿಸುತ್ತೆ.

ಇಷ್ಟಾದರೂ ನಾನು ಇಲ್ಲಿ ಗೌರವಿಸುವುದು ಒಂದನ್ನು. 2022ರಲ್ಲಿ ಜಪಾನಿನ ಜೂಡೊ ಒಕ್ಕೂಟ ಐದು, ಆರನೇ ತರಗತಿ ಮಕ್ಕಳ ರಾಷ್ಟ್ರೀಯ ವೈಯಕ್ತಿಕ ಪಂದ್ಯವನ್ನೇ ನಿಲ್ಲಿಸಿಬಿಟ್ಟಿತು. ಗೆಲ್ಲಲೇಬೇಕು ಅನ್ನುವ ಹುಚ್ಚು ಅತಿಯಾಗಿದೆ ಅನ್ನುವುದೇ ಅವರು ಕೊಟ್ಟ ಕಾರಣ. ಬೆಳೆಯುವ ಮಕ್ಕಳಿಗೆ ಊಟ ಕಡಿಮೆ ಮಾಡಿಸಿ ತೂಕ ಇಳಿಸುವುದು, ಕೋಚುಗಳು, ತಂದೆತಾಯಂದಿರು ಸುತ್ತ ನಿಂತು ಮಕ್ಕಳ ಮೇಲೆ, ತೀರ್ಪುಗಾರರ ಮೇಲೆ ಕಿರುಚುವುದು ಎಲ್ಲ ನಡೆಯುತ್ತಿತ್ತು. ಒಲಿಂಪಿಕ್ ಚಿನ್ನಕ್ಕಾಗಿ ಇಷ್ಟು ಹಂಬಲಿಸುವ ದೇಶ, ತನ್ನದೇ ಹೆಮ್ಮೆಯ ಆಟದಲ್ಲಿ, ಮಕ್ಕಳಿಗೆ ಇದು ಬೇಡ ಅಂದಿತು. ವಿರೋಧವೂ ಬಂತು. ನನ್ನ ಮಟ್ಟಿಗೆ ಹತ್ತು ಚಿನ್ನದ ಪದಕಕ್ಕಿಂತ ಅದು ದೊಡ್ಡದು.

ಇನ್ನು ಬ್ಲ್ಯಾಕ್ ಬೆಲ್ಟಿನ ಮಾತು. ಕೊಡೊಕಾನಿನಲ್ಲಿ ಹದಿನಾಲ್ಕು ವರ್ಷ ತುಂಬದೆ ಮೊದಲ ಡಾನ್, ಅಂದರೆ ಬ್ಲ್ಯಾಕ್ ಬೆಲ್ಟ್, ಕೊಡುವುದೇ ಇಲ್ಲ, ಕೆಂಡೊದಲ್ಲಿ ಹದಿಮೂರು. ಬ್ಲ್ಯಾಕ್ ಬೆಲ್ಟ್ ಬಂದಾಗ ಇಲ್ಲಿನವರು ಬುನಾದಿ ಮುಗಿಯಿತು, ಇನ್ನು ಕಲಿಯಲು ಶುರುಮಾಡು ಅನ್ನುತ್ತಾರೆ. ಕರಾಟೆಯಲ್ಲಿ ಮಕ್ಕಳಿಗೆ ಬೇರೆ ಲೆಕ್ಕ ಇರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಂಬತ್ತು ವರ್ಷದ ಮಗುವಿಗೆ ಇಂಥ ತಾರೀಖಿಗೆ ಕೊಡುತ್ತೇನೆ ಅಂತ ಮೊದಲೇ ಬರೆದುಕೊಡುವವನು, ಆ ಮಗು ಏನು ಕಲಿಯಿತು ಅಂತ ನೋಡಿ ಕೊಡುವುದಿಲ್ಲ. ಸರ್ಟಿಫಿಕೇಟು ಮುಂದೆ ಉಪಯೋಗಕ್ಕೆ ಬರುತ್ತೆ ಅಂತ ನೀನು ಹೇಳಿದೆ. ಬರಬಹುದು. ತಾನು ಗಳಿಸದ್ದನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡುವ ಅಭ್ಯಾಸವೂ ಅದರ ಜೊತೆಗೇ ಬರುತ್ತೆ.

ಅಣ್ಣ, ದಯವಿಟ್ಟು ಹೀಗೆ ಮಾಡು. ಒಂದು ಸಂಜೆ ಅಪ್ಪನನ್ನೂ ಕರೆದುಕೊಂಡು ಆ ತರಗತಿಗೆ ಹೋಗು. ಗೇಟಿನ ಹತ್ತಿರ ಬಿಟ್ಟು ಬರಬೇಡ, ಒಳಗೆ ಮೂಲೆಯಲ್ಲಿ ಕೂತು ಮುಗಿಯುವ ತನಕ ನೋಡು. ಒಳಗೆ ಕೂರಲು ಬಿಡದಿದ್ದರೆ ಅಲ್ಲಿಗೇ ಉತ್ತರ ಸಿಕ್ಕಿತು. ಒಂದು ಮಗು ಅತ್ತಾಗ ಮಾಸ್ಟರ್ ಏನು ಮಾಡುತ್ತಾರೆ ನೋಡು. ದೊಡ್ಡ ಹುಡುಗನಿಗೆ ಸಣ್ಣವನನ್ನು ಜೋಡಿ ಮಾಡಿದಾಗ ದೊಡ್ಡವನಿಗೆ ಏನು ಹೇಳುತ್ತಾರೆ ಕೇಳಿಸಿಕೋ. ಚೆನ್ನಾಗಿ ಆಡದ, ಯಾವ ಪದಕವೂ ತರದ ಮಕ್ಕಳ ಹೆಸರು ಅವರಿಗೆ ಗೊತ್ತಿದೆಯಾ ಗಮನಿಸು. ತಲೆಗೆ ಪೆಟ್ಟಾದರೆ ನಿಮ್ಮ ಏರ್ಪಾಡೇನು ಅಂತ ನೇರವಾಗಿ ಕೇಳು, ಸಂಕೋಚ ಬೇಡ, ನಮ್ಮ ಮಗು ಅದು. ಹೊಡೆಯುವುದನ್ನು ಶಿಸ್ತು ಅಂತ ಕರೆಯುವವರಾದರೆ ಒಂದು ದಿನವೂ ಇಡಬೇಡ. ಅಪ್ಪ ಏನೂ ಮಾತಾಡದೆ ಸುಮ್ಮನೆ ಕೂತಿದ್ದರೂ ಸಾಕು, ಗರಡಿಯಲ್ಲಿ ಬೆಳೆದ ಅವರಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ.

ಆ ಮಾಸ್ಟರ್ ಒಳ್ಳೆಯವರೇ ಇರಬಹುದು. ಗೆದ್ದ ಉತ್ಸಾಹದಲ್ಲಿ ಹಾಗೆ ಮಾಡಿರಬಹುದು. ನೀನು ಮಾತಾಡಿದಾಗ ಕೇಳಿಸಿಕೊಂಡು, ಹೌದು, ಮಕ್ಕಳಿಗೆ ಹೇಳುತ್ತೇನೆ ಅಂದರೆ ಪುಟ್ಟನನ್ನು ಅಲ್ಲೇ ಮುಂದುವರಿಸು. ಸಿಡುಕಿದರೆ, ಬೇರೆ ಕಡೆ ಹುಡುಕೋಣ. ಮೈಸೂರಿನಲ್ಲಿ ಇನ್ನೂ ಗರಡಿಗಳಿವೆ, ಅಪ್ಪನಿಗೆ ಪರಿಚಯದವರಿದ್ದಾರೆ. ಫೀಸಿನ ಚಿಂತೆ ಬೇಡ, ಅದು ನನ್ನ ಪಾಲಿಗಿರಲಿ. ಅಲ್ಲದೆ, ಆ ಇನ್ನೊಬ್ಬ ಹುಡುಗ ಯಾರು, ಯಾವ ಶಾಲೆ ಅಂತ ವಿಚಾರಿಸು. ಪುಟ್ಟನನ್ನು ಕರೆದುಕೊಂಡು ಹೋಗಿ ಮಾತಾಡಿಸಿಕೊಂಡು ಬಾ. ಬಲವಂತ ಮಾಡಬೇಡ, ನೀನು ಮೊದಲು ಆ ಹುಡುಗನ ತಂದೆತಾಯಿಯ ಜೊತೆ ಮಾತಾಡು, ಪುಟ್ಟ ತಾನಾಗಿ ಹಿಂದೆ ಬರುತ್ತಾನೆ.

ಅಪ್ಪನ ಕಣ್ಣಿನ ಆಪರೇಷನ್ ತಾರೀಖು ಗೊತ್ತಾದ ಕೂಡಲೇ ತಿಳಿಸು, ನಾನು ರಜೆ ಕೇಳಬೇಕು. ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರಗಳು. ಪುಟ್ಟನಿಗೆ ಮುತ್ತು.

ನಿನ್ನ ಪ್ರೀತಿಯ ತಂಗಿ